ಗೋಪಮ್ಮ ಪೇಪರಿನವರಿಗೆ ಹೇಳಿದ್ದು

ಪೋತ್ನಾಳದ ಗೋಪಮ್ಮನಿಗೆ ಬಾಯಿ ಜಾಸ್ತಿ ಎಂದು ಊರೇ ಹೇಳುತ್ತಿತ್ತು. ಸುಳ್ಳೇನಲ್ಲ. ಶೇಂಗಾ ಸುಲಿಯುವ ನಲವತ್ತು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಕೈ ಎಷ್ಟು ಚುರುಕೋ ನಾಲಗೆ ಅದಕ್ಕಿಂತ ಚುರುಕು. ಆ ನಾಲಗೆಯೇ ಒಮ್ಮೆ ಅವಳಿಗೆ ಕೈಕೊಟ್ಟಿತು.

೧೯೪೫ರಲ್ಲಿ ರಾಯಚೂರಿನ ಒಬ್ಬ ಸೇಠ ಮಾನ್ವಿಯಲ್ಲಿ ಶೇಂಗಾ ಒಡೆಯುವ ಯಂತ್ರ ಹಾಕಿಸಿದ. ಅದರ ಬೆನ್ನಿಗೇ ಹೈದರಾಬಾದಿನಿಂದ ಒಂದು ಕಾನೂನಿನ ಸುದ್ದಿ ಬಂತು: ಇನ್ನು ಶೇಂಗಾವನ್ನು ಯಂತ್ರದಲ್ಲೇ ಒಡೆಸಬೇಕು, ಕೂಲಿಯವರಿಂದ ಸುಲಿಸಿದರೆ ದಂಡ. ಕಾನೂನು ಇನ್ನೂ ಪಾಸಾಗಿರಲಿಲ್ಲ. ಪಾಸಾದರೆ ನಲವತ್ತು ಮನೆಗಳ ಒಲೆ ಆರುವುದು ಖಂಡಿತವಿತ್ತು.

ಯಂತ್ರ ಶುರುವಾದ ದಿನ ಜನರ ಅಭಿಪ್ರಾಯ ಕೇಳಲು ಹೈದರಾಬಾದಿನ ಉರ್ದು ಪತ್ರಿಕೆಯ ಅಮೀರ್ ಸಾಬರು ಮಾನ್ವಿಗೆ ಬಂದರು. ಯಂತ್ರ ನೋಡಲು ಅಲ್ಲಿಗೆ ಹೋಗಿದ್ದ ಗೋಪಮ್ಮ ಅವರ ಮುಂದೆ ಒಂದು ತಾಸು ಮಾತಾಡಿದಳು: ಗಂಡನ ಕೆಮ್ಮು, ಮಗಳ ಬಾಣಂತನ, ಸೇಠನ ಜಿಪುಣತನ, ಎಲ್ಲ. ನಡುವೆ ಎದ್ದು ಯಂತ್ರಕ್ಕೆ ಕುಂಕುಮ ಹಚ್ಚಿ ಕೈಮುಗಿದಳು. ಕುಡಗೋಲಾಗಲಿ, ಬಂಡಿಯ ಗಾಲಿಯಾಗಲಿ, ಹೊಸ ಸಲಕರಣೆಗೆ ಕುಂಕುಮ ಹಚ್ಚದೆ ಬಿಡುವ ಹೆಂಗಸು ಆ ಸೀಮೆಯಲ್ಲಿಲ್ಲ; ವೈರಿಯ ಯಂತ್ರವಾದರೇನು? ಪತ್ರಿಕೆಯಲ್ಲಿ ಬಂದದ್ದು ಮಾತ್ರ ಆ ಕುಂಕುಮವೊಂದೇ: ‘ಕೂಲಿ ಹೆಂಗಸರಿಂದ ಯಂತ್ರಕ್ಕೆ ಪೂಜೆ, ಸ್ವಾಗತ.’ ಸೇಠ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿದ.

"ನಿನ್ನ ಕೈಯಾರೆ ನಮ್ಮ ಹೊಟ್ಟಿ ಮ್ಯಾಲ ಹೊಡದ್ಯಲ್ಲ ಬೇ!" ಎಂದು ನೆರೆಮನೆಯ ಕನಕಮ್ಮ ಅತ್ತಳು.

ಗೋಪಮ್ಮನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಎರಡು ದಿನ ಯೋಚಿಸಿದಳು. ತಾನು ಹೇಳಿದ್ದು ನೂರು ಮಾತು. ಆ ಮನುಷ್ಯ ಒಯ್ದದ್ದು ಒಂದನ್ನೇ. ಹಾಗಾದರೆ ಒಯ್ಯಲು ಒಂದನ್ನೇ ಕೊಡಬೇಕು.

ಅಮೀರ್ ಸಾಬರು ಇನ್ನೂ ರಾಯಚೂರಿನಲ್ಲೇ ಇದ್ದರು. ವಾರದೊಳಗೆ ಹೇಳಿಕಳಿಸಿ ಕರೆಸಿದಳು. ಅವರ ಮುಂದೆ ಎರಡು ಒದ್ದೆ ಬಟ್ಟೆಯ ಗಂಟು ಇಟ್ಟಳು.

"ಬಿಚ್ಚಿ ನೋಡ್ರಿ ಸಾಬ್ರ. ಮೂರು ದಿನ ಕಟ್ಟಿಟ್ಟೀನಿ. ಇದರಾಗ ಹತ್ತು ಕಾಳು ನಾವು ಸುಲಿದದ್ದು, ಅದರಾಗ ಹತ್ತು ಯಂತ್ರ ಒಡದದ್ದು."

ಕೈಯಲ್ಲಿ ಸುಲಿದ ಒಂಬತ್ತು ಕಾಳು ಬೆಳ್ಳಗೆ ಮೊಳೆತಿದ್ದವು. ಯಂತ್ರದವು ಮೂರು ಮೊಳೆತು, ಉಳಿದವು ಹೋಳಾಗಿ ಕೊಳೆತಿದ್ದವು.

"ಅಂದ್ರ ನೀವು ಯಂತ್ರದ ವೈರಿ, ಹೌದಿಲ್ಲೋ?" ಸಾಬರು ಕೆಣಕಿದರು.

"ಎಣ್ಣಿಗೆ ಯಂತ್ರ ಒಡೀಲಿ. ಬಿತ್ತಾಕ ನಮ್ಮ ಕೈ ಬೇಕು."

"ಸೇಠ್‌ಜಿ ಮ್ಯಾಲ ಸಿಟ್ಟು ಅದ ಏನು?"

ಸೇಠನ ಬಗ್ಗೆ ಅವಳ ಹೊಟ್ಟೆಯಲ್ಲಿ ಒಂದು ಪುರಾಣವೇ ಇತ್ತು. ನುಂಗಿಕೊಂಡಳು. "ಬಿತ್ತಾಕ ನಮ್ಮ ಕೈ ಬೇಕು ಸಾಬ್ರ."

"ಸರ್ಕಾರಕ್ಕ ಏನು ಹೇಳ್ತೀರಿ?"

"ಮುಂದಿನ ವರ್ಷ ಹೊಲದಾಗ ಶೇಂಗಾ ಬೇಕಂದ್ರ, ಬಿತ್ತಾಕ ನಮ್ಮ ಕೈ ಬೇಕು."

ಅಷ್ಟು ಹೇಳಿ ಬಾಯಿ ಮುಚ್ಚಿದಳು. ಹುಟ್ಟಿದಾರಭ್ಯ ಅವಳು ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

ಈ ಸಲ ಪತ್ರಿಕೆಯಲ್ಲಿ ಆ ಒಂದೇ ಮಾತು ದಪ್ಪ ಅಕ್ಷರದಲ್ಲಿ ಬಂತು. ದೇವದುರ್ಗದ ರೈತರು ತಹಸೀಲ್ದಾರರ ಮುಂದೆ ಅದನ್ನೇ ಹೇಳಿದರು, ರಾಯಚೂರಿನ ದಲಾಲರೂ ಅದನ್ನೇ ಹೇಳಿದರು. ಕೊನೆಗೆ ಕಾನೂನು ಪಾಸಾಯಿತು, ಆದರೆ ಹೊಸದೊಂದು ಸಾಲು ಸೇರಿಸಿಕೊಂಡು: ಬಿತ್ತನೆಯ ಶೇಂಗಾವನ್ನು ಕೈಯಿಂದಲೇ ಸುಲಿಸತಕ್ಕದ್ದು. ನಲವತ್ತು ಹೆಂಗಸರು ಬೀದಿಯಲ್ಲೇ ಕುಣಿದರು.

ಮುಂಗಾರಿಗೆ ಮೊದಲು ಬಿತ್ತನೆಯ ಚೀಲ ಹೇರಿಕೊಂಡು ಸೇಠನೇ ಪೋತ್ನಾಳಕ್ಕೆ ಬಂದ. ಗೋಪಮ್ಮನ ಮನೆ ಮುಂದೆ ಆಗಲೇ ಏಳು ಬಂಡಿ ನಿಂತಿದ್ದವು.

"ಬರ್ರಿ ಸೇಠ್‌ಜಿ," ಎಂದಳು ಗೋಪಮ್ಮ, ಸುಲಿಯುವ ಕೈ ನಿಲ್ಲಿಸದೆ. "ಬಂಡಿ ಎಲ್ಲರ ಹಿಂದ ಬಿಡ್ರಿ. ಸರದಿ ಬಂದಾಗ ಕರೀತೀವಿ."