ಮಾನಿಟರ್ ಆರಿಸಿಕೊಟ್ಟ ಅಕ್ಕ

ಯಾವ ಬಣ್ಣದ ಸೀರೆ ಉಟ್ಟಿದ್ದರೂ, ಪರದೆಯ ಮುಂದೆ ಕೂರುವ ಮೊದಲು ಅಕ್ಕ ಅದರ ಮೇಲೊಂದು ಉದ್ದನೆಯ ಬೂದು ಕೋಟು ತೊಡುತ್ತಿದ್ದರು. ಕುತ್ತಿಗೆಯವರೆಗೂ ಗುಂಡಿ ಹಾಕಿ, ಜಡೆಯನ್ನು ಕಾಲರಿನೊಳಗೆ ತೂರಿಸಿ, ಕನ್ನಡಕವನ್ನು ಕೋಟಿನ ತುದಿಯಿಂದಲೇ ಒರೆಸಿ, ಆಮೇಲೆ ಸ್ವಿಚ್ ಒತ್ತುತ್ತಿದ್ದರು. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ಅಷ್ಟೇ. ನಾನು ಮೊದಲ ದಿನವೇ ಕೇಳಿದ್ದೆ, "ಸೆಕೆ ಆಗಲ್ವಾ ಅಕ್ಕ?"

"ಆಗತ್ತೆ. ಆದ್ರೆ ಸೀರೆ ಬಣ್ಣ ಹೋಗಿ ಪರದೆ ಮೇಲೆ ಕೂತ್ಕೊಳತ್ತೆ. ಆಮೇಲೆ ನಾನು ಮಾನಿಟರ್ ನೋಡಿ ಒಪ್ಪಿದ್ನೋ, ಸೀರೆ ನೋಡಿ ಒಪ್ಪಿದ್ನೋ, ಯಾರಿಗೆ ಗೊತ್ತು?"

ಅವರ ಅಂಗಡಿ ಇದ್ದದ್ದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಅವರ ಮನೆಯ ಮುಂದಿನ ಕೋಣೆಯಲ್ಲೇ. ಬೋರ್ಡಿಲ್ಲ, ಗಾಜಿನ ಬಾಗಿಲಿಲ್ಲ. ಒಂದು ಮೇಜು, ಮೂರು ಥರದ ಕುರ್ಚಿ, ಗೋಡೆಗೆ ಒರಗಿಸಿದ ಕಂಪ್ಯೂಟರ್ ಡಬ್ಬಗಳು. ಮೊದಲು ಅವರು ಟಿ.ವಿ. ತಯಾರಿಸುವ ಕಾರ್ಖಾನೆಯೊಂದರಲ್ಲಿದ್ದರು. ಕತ್ತಲೆ ಮಾಡಿದ ಸಣ್ಣ ಗೂಡಿನಲ್ಲಿ ಕೂತು, ಒಂದಾದ ಮೇಲೊಂದು ಬರುವ ಟಿ.ವಿ.ಗಳಲ್ಲಿ ಕೆಂಪು, ಹಸಿರು, ನೀಲಿ ಸರಿಯಾಗಿ ಕೂತಿವೆಯೇ ಎಂದು ನೋಡಿ ತಿರುಪು ತಿರುಗಿಸುವುದೇ ಅವರ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ಕಂಪ್ಯೂಟರ್ ಜೋಡಿಸಿ ಮಾರತೊಡಗಿದರು. ಓಣಿಯವರೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ನಾನು ಅವರ ಬಾಗಿಲಿಗೆ ಹೋದದ್ದು ಕಾಲಿನ ಮಂಡಿಯ ದೆಸೆಯಿಂದ. ನಮ್ಮದು ಮಾವಳ್ಳಿ. ಅಪ್ಪ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಮಾರಿದವರು. ನಾನು ಬುಟ್ಟಿಯಿಂದ ಗಾಡಿಗೆ, ಗಾಡಿಯಿಂದ ಮಾರ್ಕೆಟ್ಟಿನ ಮಳಿಗೆಗೆ, ಅಲ್ಲಿಂದ ಮದುವೆ ಮಂಟಪ, ಕ್ಯಾಂಟೀನುಗಳಿಗೆ ತರಕಾರಿ ಒದಗಿಸುವ ಮಟ್ಟಕ್ಕೆ ಬಂದವನು. ಯಾರ ಕೈಯಾಸರೆಯೂ ಇರಲಿಲ್ಲ. ನನಗಿದ್ದ ಬಂಡವಾಳ ಕಣ್ಣು ಮತ್ತು ಬಾಯಿ. ಬೆಳಗಿನ ಜಾವ ಹೋಗಿ ಸರಕು ಕಣ್ಣಲ್ಲಿ ನೋಡಿ, ಬಾಯಲ್ಲಿ ಬೆಲೆ ಇಳಿಸಿ ತರುತ್ತಿದ್ದೆ. ಎರಡೂ ಮಂಡಿಗೆ ಆಪರೇಷನ್ ಆದ ಮೇಲೆ ಡಾಕ್ಟರು ಆ ತಿರುಗಾಟ ನಿಲ್ಲಿಸಿಬಿಟ್ಟರು. ರೈತರು ಫೋನಿಗೆ ಫೋಟೋ ಕಳಿಸುತ್ತೇವೆ ಎಂದರು. ಆ ಅಂಗೈಯಗಲದ ಗಾಜಿನಲ್ಲಿ ಟೊಮ್ಯಾಟೊ ಯಾವುದು, ಈರುಳ್ಳಿ ಯಾವುದು ಎಂದು ತಿಳಿಯುವುದೇ ಕಷ್ಟವಾಯಿತು. ಕೂತಲ್ಲಿಗೇ ಸರಕು ಕಾಣಬೇಕು, ಇಲ್ಲವೇ ಮೂವತ್ತೈದು ವರ್ಷ ಕಟ್ಟಿದ ವ್ಯಾಪಾರ ಬಿಡಬೇಕು. ಪರಿಸ್ಥಿತಿ ಅಷ್ಟಕ್ಕೆ ಬಂದು ನಿಂತಿತ್ತು.

"ಏನಕ್ಕೆ ಕಂಪ್ಯೂಟರ್?" ಎಂದು ಅಕ್ಕ ಕೇಳಿದರು.

"ಟೊಮ್ಯಾಟೊ ನೋಡೋಕೆ."

ಅವರು ನಗಲಿಲ್ಲ. "ಕೂತು ನೋಡ್ತೀರೋ, ಒರಗಿ ನೋಡ್ತೀರೋ? ಕಿಟಕಿ ಯಾವ ಕಡೆ ಇದೆ?" ಎಂದರು. ಹೆಣ್ಣು ನೋಡಲು ಬಂದವರು ಕೂಡ ಇಷ್ಟು ಪ್ರಶ್ನೆ ಕೇಳುವುದಿಲ್ಲ. ನಾನು ಹಾರಿಕೆಯ ಉತ್ತರ ಕೊಟ್ಟೆ. ಅವರು ಒಂದು ಚೀಟಿ ಬರೆದರು. ಡಬ್ಬದೊಳಗೆ ಎಂಟು ಜಿಬಿ ಮೆಮೊರಿ ಸಾಕು, ಡಿಸ್ಕು ಮಾತ್ರ ಹೊಸ ಥರದ ಎಸ್‌ಎಸ್‌ಡಿ ಇರಲಿ, ಆಟಗೀಟದ ಕಾರ್ಡು ಬೇಡ. ಉಳಿದದ್ದನ್ನೆಲ್ಲ ಮಾನಿಟರಿಗೆ ಹಾಕಿ. "ಡಬ್ಬದಲ್ಲಿ ಜಿಪುಣತನ ಮಾಡಿ, ಪರದೆಯಲ್ಲಿ ಮಾಡ್ಬೇಡಿ. ಡಬ್ಬ ನೀವು ನೋಡಲ್ಲ" ಎಂದರು. ಕೆಳಗೆ ಬೆಲೆ ಬರೆದರು.

"ಲಾಸ್ಟ್ ಎಷ್ಟು ಹೇಳಿ ಅಕ್ಕ."

"ಫಸ್ಟೇ ಲಾಸ್ಟು."

"ಸ್ವಲ್ಪ ನೋಡಿ ಹೇಳಿ, ನಾನೂ ವ್ಯಾಪಾರಸ್ಥನೇ."

"ಗೊತ್ತಾಗತ್ತೆ ಯಜಮಾನ್ರೇ. ಬಂದಾಗಿಂದ ಮಾನಿಟರ್ ಕಡೆ ತಿರುಗಿಲ್ಲ, ಚೀಟಿ ಕಡೆನೇ ನೋಡ್ತಿದೀರ."

ಬೆಲೆ ಇಳಿಸದವರ ಹತ್ತಿರ ಕೊಂಡರೆ ನನಗೆ ಊಟ ಸೇರುವುದಿಲ್ಲ. ಚೀಟಿಯನ್ನು ಜೇಬಿಗೆ ಸೇರಿಸಿ, ಯೋಚಿಸಿ ಬರುತ್ತೇನೆ ಎಂದು ಹೇಳಿ ಎದ್ದೆ. ನೇರ ಒಂದು ದೊಡ್ಡ ಷೋರೂಮಿಗೆ ಹೋದೆ. ಡಬ್ಬವನ್ನು ಅಕ್ಕನ ಚೀಟಿಯಂತೆಯೇ ಹೇಳಿ ಮಾಡಿಸಿದೆ. ಮಾನಿಟರ್ ಮಾತ್ರ ನಾನೇ ಆರಿಸಿದೆ. ಗೋಡೆಯ ತುಂಬ ಸಾಲಾಗಿ ನಿಲ್ಲಿಸಿದ್ದರು. ಅವುಗಳಲ್ಲಿ ಎಲ್ಲಕ್ಕಿಂತ ಅಗಲವಾದದ್ದು, ಎಲ್ಲಕ್ಕಿಂತ ಥಳಥಳ ಹೊಳೆಯುತ್ತಿದ್ದದ್ದು ಯಾವುದೋ ಅದಕ್ಕೆ ಕೈ ತೋರಿಸಿದೆ. ಹಬ್ಬದ ಸೀಸನ್ ಕಳೆದಿತ್ತು, ಉಳಿದ ಮಾಲು. ಅರ್ಧ ಗಂಟೆ ಚೌಕಾಸಿ ಮಾಡಿ ಬೆಲೆ ಇಳಿಸಿದ್ದಲ್ಲದೆ ಕೀಬೋರ್ಡು, ಮೌಸು, ಎರಡು ಸ್ಪೀಕರುಗಳನ್ನು ಪುಕ್ಕಟೆ ಹಾಕಿಸಿಕೊಂಡೆ. ಆಟೋದಲ್ಲಿ ಬರುವಾಗ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೆದ್ದ ಪೈಲ್ವಾನನ ಹಾಗೆ ಕೂತಿದ್ದೆ.

ಮೊದಲ ಪೆಟ್ಟು ಬಿದ್ದದ್ದು ಮಾಲೂರಿನ ರೈತನಿಂದ. ಹದಿನೈದು ವರ್ಷದಿಂದ ನನಗೇ ಟೊಮ್ಯಾಟೊ ಕೊಡುತ್ತಿದ್ದವನು. ಅವನ ಫೋಟೋ ತೆರೆದರೆ ಪರದೆಯ ತುಂಬ ಕುಂಕುಮದಂಥ ಹಣ್ಣು! ಕಣ್ಣು ಮುಚ್ಚಿ ಒಪ್ಪಿದೆ. ಸರಕು ನೇರ ಮದುವೆ ಮಂಟಪಕ್ಕೆ ಹೋಯಿತು. ಅಲ್ಲಿಂದ ಅಡುಗೆಯವರ ಫೋನು: "ಏನ್ ಸ್ವಾಮಿ, ಇದು ದೋರೆಗಾಯಿ. ಅರ್ಧ ಹಳದಿ, ಅರ್ಧ ಹಸಿರು. ಸಾರಿಗೆ ಬಣ್ಣ ಎಲ್ಲಿಂದ ತರ್ಲಿ, ನಿಮ್ಮ ಮುಖದಿಂದಲಾ?" ನಾನು ಆ ಕೋಪವನ್ನೆಲ್ಲ ರೈತನ ಮೇಲೆ ಹಾಕಿದೆ. ಯಾವುದೋ ಹಳೇ ಫೋಟೋ ಕಳಿಸಿ ಮೋಸ ಮಾಡಿದೆ, ಇನ್ನು ಈ ನಂಬರಿಗೆ ಫೋನ್ ಮಾಡಬೇಡ ಎಂದೆ. ಅವನು ಏನೋ ಹೇಳಲು ಹೊರಟ. ಇಟ್ಟುಬಿಟ್ಟೆ.

ಮುಂದಿನ ವಾರ ಬೇರೊಬ್ಬನಿಂದ ಹುರುಳಿಕಾಯಿ. ಪರದೆಯಲ್ಲಿ ಗಿಣಿ ಹಸಿರು. ಚೀಲ ಬಿಚ್ಚಿದರೆ ಬಿಳಿಚಿಕೊಂಡ ಬಲಿತ ಕಾಯಿ. ಆ ಮಂಟಪದವರು ಬೇರೆಯವರಿಗೆ ಆರ್ಡರ್ ಕೊಟ್ಟರು. ಕ್ಯಾಂಟೀನಿನವರು, "ನೀವು ರೆಸ್ಟ್ ತಗೊಳ್ಳಿ ಅಣ್ಣ, ಹುಷಾರಾದ ಮೇಲೆ ನೋಡೋಣ" ಎಂದರು. ಗಿರಾಕಿ ಮರ್ಯಾದೆಯಿಂದ ಮಾತಾಡಲು ಶುರುಮಾಡಿದ ಎಂದರೆ ಅವನು ಆಗಲೇ ಎದ್ದುಹೋಗಿದ್ದಾನೆ ಎಂದು ಅರ್ಥ. ಇದು ಮಾತ್ರ ನನ್ನ ಅನುಭವದ ಮಾತು, ಬೇಕಾದರೆ ಬರೆದಿಟ್ಟುಕೊಳ್ಳಿ.

ವ್ಯಾಪಾರ ಮುಚ್ಚಿಬಿಡುತ್ತೇನೆ, ಕಾಲ ಕೆಟ್ಟಿದೆ, ಎಲ್ಲರೂ ಮೋಸಗಾರರು ಎಂದು ಮನೆಯಲ್ಲಿ ಕೂಗಾಡಿದೆ. ನನ್ನ ಹೆಂಡತಿ ಬದನೆಕಾಯಿ ಹೆಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. "ಮಾಲೂರಿನವನೂ, ಹುರುಳಿಕಾಯಿಯವನೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಇಬ್ಬರೂ ಮಾತಾಡ್ಕೊಂಡು ಮೋಸ ಮಾಡಿದ್ರಾ? ಮಧ್ಯದಲ್ಲಿ ಹೊಸದಾಗಿ ಬಂದಿರೋದು ಯಾರು ಅಂತ ನೋಡ್ರೀ" ಎಂದು ಚಾಕುವನ್ನು ಮಾನಿಟರಿನ ಕಡೆ ತಿರುಗಿಸಿದಳು.

ಮರುದಿನ ಚಾಮರಾಜಪೇಟೆಗೆ ಹೋಗಿ ಅಕ್ಕನ ಎದುರು ನಿಂತೆ. ಅವರ ಚೀಟಿ ಹಿಡಿದು ಬೇರೆ ಕಡೆ ಕೊಂಡದ್ದನ್ನೂ, ಮಾಲೂರಿನವನನ್ನು ಮೋಸಗಾರ ಎಂದು ಫೋನ್ ಇಟ್ಟದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಆಟೋ ಕರೀರಿ" ಎಂದರು.

ನಮ್ಮ ಮನೆಗೆ ಬಂದವರು ಮೊದಲು ಕಂಪ್ಯೂಟರಿನ ಹತ್ತಿರ ಹೋಗಲೇ ಇಲ್ಲ. "ನೀವು ಎಲ್ಲಿ ಕೂರ್ತೀರ?" ಎಂದರು. ಮಂಡಿ ಮಡಚಲಾಗದೆ ನಾನು ದಿವಾನದ ಮೇಲೆ ಕಾಲು ಚಾಚಿ, ದಿಂಬಿಗೆ ಒರಗಿ, ಮಾನಿಟರನ್ನು ತಗ್ಗಿನಿಂದ, ಓರೆಯಾಗಿ ನೋಡುತ್ತಿದ್ದೆ. ಅಕ್ಕ ಚಪ್ಪಲಿ ಬಿಟ್ಟು ಬಂದು ಅದೇ ದಿವಾನದ ಮೇಲೆ ಅದೇ ರೀತಿ ಕಾಲು ಚಾಚಿ ಒರಗಿದರು. ಮಾವಳ್ಳಿಯ ನಮ್ಮ ಮನೆಯಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬರು ಹಾಗೆ ಒರಗಿದ್ದು ಅದೇ ಮೊದಲು. ಕಾಫಿ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು.

ಅಕ್ಕ ಅಡುಗೆಮನೆಯಿಂದ ಒಂದು ಟೊಮ್ಯಾಟೊ ತರಿಸಿ, ಬಿಳಿ ತಟ್ಟೆಯಲ್ಲಿಟ್ಟು ಫೋಟೋ ತೆಗೆದು ಪರದೆಗೆ ಹಾಕಿದರು. ತಟ್ಟೆಯನ್ನು ಮಾನಿಟರಿನ ಪಕ್ಕದಲ್ಲೇ ಹಿಡಿದರು. ತಟ್ಟೆಯಲ್ಲಿದ್ದದ್ದು ಇನ್ನೂ ಹಣ್ಣಾಗುತ್ತಿದ್ದ, ಕಿತ್ತಳೆ ಛಾಯೆಯ ಕಾಯಿ. ಪರದೆಯಲ್ಲಿ ಅದು ರಕ್ತಗೆಂಪು.

"ಮಾರ್ಕೆಟ್ಟಲ್ಲಿ ನಿಮ್ಮ ಟೊಮ್ಯಾಟೊ ಮೇಲೆ ಯಾವ ಬಣ್ಣದ ಟಾರ್ಪಾಲ್ ಕಟ್ಟಿದ್ರಿ?" ಎಂದು ಕೇಳಿದರು.

"ಕೆಂಪು."

"ಯಾಕೆ? ನೀಲಿ ಸಿಗ್ಲಿಲ್ವಾ?"

ಕೆಂಪು ಟಾರ್ಪಾಲಿನ ಕೆಳಗೆ ದೋರೆಗಾಯಿಯೂ ಹಣ್ಣಾಗಿ ಕಾಣುತ್ತದೆ, ಹಸಿರು ಟಾರ್ಪಾಲಿನ ಕೆಳಗೆ ಬಾಡಿದ ಸೊಪ್ಪಿಗೂ ಜೀವ ಬರುತ್ತದೆ. ಇದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು, ಗಿರಾಕಿಗೆ ಮಾತ್ರ ಗೊತ್ತಿಲ್ಲ. ಬಾಗಿಲಲ್ಲಿದ್ದವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಷೋರೂಮಿನವರು ಕಟ್ಟಿರೋದೂ ಅದೇ ಟಾರ್ಪಾಲು. ಗೋಡೆ ಮೇಲೆ ಎದ್ದು ಕಾಣ್ಲಿ ಅಂತ ಬಣ್ಣ, ಬೆಳಕು ಎರಡೂ ಏರಿಸಿಟ್ಟಿರ್ತಾರೆ" ಎಂದು ಅಕ್ಕ ಮಾನಿಟರಿನ ಕೆಳಗಿದ್ದ ಗುಂಡಿ ಒತ್ತಿ ಅದನ್ನೆಲ್ಲ ಇಳಿಸಿದರು. ನೆಟ್ಟಗೆ ಎದುರಿಗೆ ನಿಂತರೆ ಈಗ ಸರಿಯಿತ್ತು. ದಿವಾನದ ಮೇಲೆ ಒರಗಿದರೆ ಮತ್ತೆ ಬಣ್ಣ ಕದಡಿತು. ಓರೆಯಿಂದ ನೋಡಿದರೆ ಬಣ್ಣ ಬದಲಾಗುವ ಜಾತಿಯ ಪರದೆ ಅದು. "ನಿಂತು ಕೊಂಡಿದೀರ, ಒರಗಿ ನೋಡ್ತಿದೀರ" ಎಂದರು.

ಹೊಸ ಕಂಪ್ಯೂಟರ್ ಕೊಳ್ಳುವವರಿಗೆ ನಾನು ಆವತ್ತಿನಿಂದ ಇಷ್ಟನ್ನೇ ಹೇಳುತ್ತೇನೆ. ಅಂಗಡಿಯಲ್ಲಿ ನಾಚಿಕೆಪಡಬೇಡಿ. ಕುರ್ಚಿ ಕೇಳಿ ಕೂರಿ, ಎಡಕ್ಕೆ ಸರಿಯಿರಿ, ಬಲಕ್ಕೆ ಸರಿಯಿರಿ, ತಗ್ಗಿ ನೋಡಿ. ಬಣ್ಣದ ಏರಿಕೆಯನ್ನು ಇಳಿಸಿ ತೋರಿಸಲು ಹೇಳಿ. ನೀವೇ ತೆಗೆದ, ನಿಮ್ಮ ಕಣ್ಣಿಗೆ ಚೆನ್ನಾಗಿ ಗೊತ್ತಿರುವ ವಸ್ತುವಿನ ಫೋಟೋ ಹಾಕಿಸಿ. ಅವರು ಹಾಕಿದ ಹೂದೋಟ, ನವಿಲು ನಂಬಬೇಡಿ.

ಅಕ್ಕ ಆ ಮಾನಿಟರನ್ನು ಬಿಲ್ ಹಾಕುವುದಕ್ಕಷ್ಟೇ ಪರದೆ ಬೇಕಿದ್ದ ಒಂದು ಅಂಗಡಿಗೆ ಕೊಡಿಸಿದರು. ಪುಕ್ಕಟೆ ಬಂದ ಸ್ಪೀಕರೂ ಅದರ ಜೊತೆ ಹೋಯಿತು. ಎರಡು ದಿನ ಬಿಟ್ಟು ಅದಕ್ಕಿಂತ ಚಿಕ್ಕದಾದ, ಹೊಳಪಿಲ್ಲದ ಇನ್ನೊಂದನ್ನು ತಂದು ಕೂರಿಸಿ, ಅದೇ ಟೊಮ್ಯಾಟೊ ಫೋಟೋ ತೆರೆದರು.

"ಇಷ್ಟು ಮಂಕಾಗಿದೆಯಲ್ಲ ಅಕ್ಕ!"

"ಟೊಮ್ಯಾಟೊನೇ ಮಂಕಾಗಿದೆ ಕಣಯ್ಯ. ಅದು ಇರೋದನ್ನ ತೋರಿಸ್ತಿದೆ." ಯಜಮಾನ್ರೇ ಎನ್ನುತ್ತಿದ್ದವರು ಆವತ್ತಿನಿಂದ ನನಗೆ ಏಕವಚನ ಹಚ್ಚಿದರು.

ನಾನು ಜೇಬಿಗೆ ಕೈ ಹಾಕಿದೆ. ಅವರು ತಡೆದು, "ಕೆಲಸ ಮುಗಿದಿಲ್ಲ. ಮಾಲೂರಿನವನಿಗೆ ಫೋನ್ ಮಾಡು" ಎಂದರು. ಸಾಯಂಕಾಲ ಮಾಡುತ್ತೇನೆ ಎಂದೆ. ಅಕ್ಕ ಕೂತಲ್ಲಿಂದ ಅಲ್ಲಾಡಲಿಲ್ಲ. "ನಾನು ಪರದೆ ಸರಿಮಾಡಿದೀನಿ. ಅವನು ಇನ್ನೂ ಕಳ್ಳ ಅನ್ನಿಸ್ಕೊಂಡೇ ಇದಾನೆ. ಮಾಡು ಈಗ."

ಫೋನ್ ಮಾಡಿದೆ. ತಪ್ಪು ನನ್ನದು ಎನ್ನುವ ಬದಲು ಪರದೆಯ ಜಾತಿ, ಟಾರ್ಪಾಲು ಎಂದು ಸುತ್ತಿ ಬಳಸಿ ಹೇಳುತ್ತಿದ್ದೆ. ಹಿಂದಿನಿಂದ ಅಕ್ಕ, "ಹೇಳು, ನೇರ ಹೇಳು" ಎನ್ನುತ್ತಲೇ ಇದ್ದರು. ಕೊನೆಗೆ ಹೇಳಿದೆ. ನಿನ್ನನ್ನು ಸುಮ್ಮನೆ ಕಳ್ಳ ಎಂದೆ, ತಪ್ಪಾಯಿತು ಎಂದೆ.

ಆ ಕಡೆಯಿಂದ ಅವನು, "ಮಂಡಿ ಆಪರೇಷನ್ ಅಂದಿದ್ರಲ್ಲಣ್ಣ, ಕಣ್ಣಿಂದು ಅಂತ ಹೇಳ್ಲೇ ಇಲ್ಲ" ಎಂದ. ನಾನು ನಕ್ಕೆ, ಅವನು ನಗಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಫೋಟೋ ಬಂತು. ಜೊತೆಗೆ ಒಂದು ಸಾಲು: ಇದು ಮೂರು ದಿನ ಬಿಟ್ಟು ಹಣ್ಣಾಗುತ್ತೆ, ಅರ್ಜೆಂಟ್ ಇದ್ದರೆ ಬೇಡ. ಅವನು ಹೇಳಿದ್ದೂ, ಪರದೆ ಹೇಳಿದ್ದೂ ಒಂದೇ ಆಗಿತ್ತು. ಕ್ಯಾಂಟೀನು ನಿಧಾನವಾಗಿ ವಾಪಸು ಬಂತು. ಮಂಟಪದ ಅಡುಗೆಯವರು ಒಂದು ವರ್ಷ ತೆಗೆದುಕೊಂಡರು.

ಅಲ್ಲಿಂದ ಮುಂದೆ ಬಸವನಗುಡಿ ಕಡೆ ಕೆಲಸವಿದ್ದಾಗಲೆಲ್ಲ ಸುತ್ತಾದರೂ ಅಕ್ಕನ ಕೋಣೆಗೆ ಹೋಗಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಅವರು ಹೊಸ ಮಾನಿಟರಿನಲ್ಲಿ ಖಾಲಿ ಪುಟ ತೆರೆದು, "ಇದು ಯಾವ ಬಣ್ಣ?" ಎಂದು ಕೇಳಿದರು.

"ಬಿಳಿ."

"ಸರಿಯಾಗಿ ನೋಡು."

"ಬಿಳಿನೇ ಅಕ್ಕ."

"ನನಗೆ ಗಂಜಿ ಥರ ಕಾಣ್ತಿದೆ" ಎಂದರು. ಪರದೆ ಆರಿಸಿ, ಬಾಗಿಲ ಬಳಿ ಕಾಯುತ್ತಿದ್ದ ಗಿರಾಕಿಗೆ, "ಇವತ್ತಿಂದ ನಾನು ಮಾರಲ್ಲಪ್ಪ, ಕ್ಷಮಿಸಿ" ಎಂದು ಕೈ ಮುಗಿದು ಕಳಿಸಿದರು. ಕಣ್ಣಿನ ಪೊರೆ ಬೆಳೆದಿತ್ತು. ಒಂದು ಕಣ್ಣಿಗೆ ಆಪರೇಷನ್ ಮಾಡಿಸಿದರು. ಪಟ್ಟಿ ಬಿಚ್ಚಿದ ವಾರದಲ್ಲೇ, ಆ ವರ್ಷ ತಮ್ಮಿಂದ ಮಾನಿಟರ್ ಕೊಂಡವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದರು. "ನಾನು ಬಣ್ಣ ತಪ್ಪಿಟ್ಟು ಕೊಟ್ಟಿರ್ಬಹುದು. ಬಂದು ನೋಡ್ತೀನಿ, ದುಡ್ಡೇನೂ ಬೇಡ." ಯಾರೂ ದೂರು ಹೇಳಿರಲಿಲ್ಲ. ಬಹಳ ಜನಕ್ಕೆ ಅವರು ಏನು ಹೇಳುತ್ತಿದ್ದಾರೆ ಎಂಬುದೇ ತಿಳಿಯಲಿಲ್ಲ. ಆದರೂ ಮನೆ ಮನೆಗೆ ಹೋದರು. ವಿಶ್ವೇಶ್ವರಪುರಂ ಕಡೆಯ ನಾಲ್ಕು ಮನೆಗೆ ನಾನೂ ಆಟೋದಲ್ಲಿ ಜೊತೆಗೆ ಹೋದೆ. ಎರಡು ಮನೆಯಲ್ಲಿ ಬಣ್ಣ ತಿದ್ದಬೇಕಾಯಿತು. ತಿದ್ದಿ, ನೀರು ಕುಡಿದು, ಎದ್ದು ಬಂದರು.

ಇನ್ನೊಂದು ಕಣ್ಣಿಗೆ ದಿನ ಗೊತ್ತಾಗಿತ್ತು. ಅದಕ್ಕೆ ಮೊದಲೇ ಒಂದು ಬೆಳಿಗ್ಗೆ ಅವರ ಹೃದಯ ನಿಂತಿತು. ನಾನು ಹೋಗುವ ಹೊತ್ತಿಗೆ ಓಣಿಯ ತುಂಬ ಜನ.

ಆ ತಿಂಗಳ ಕೊನೆಯಲ್ಲಿ ಮಾಲೂರಿನವನು ಸರಕಿನ ಜೊತೆ ತಾನೇ ಬಂದವನು ಮನೆಗೆ ಕಾಫಿಗೆ ಬಂದ. ಹೀಗೆ ನನಗೆ ಮಾನಿಟರ್ ಆರಿಸಿಕೊಟ್ಟ ಅಕ್ಕ ಹೋಗಿಬಿಟ್ಟರು ಎಂದು ಹೇಳಿದೆ. ಅವನು ಲೋಟ ಕೆಳಗಿಟ್ಟ.

"ಆವತ್ತು ಫೋನಲ್ಲಿ ಹಿಂದೆ ಒಬ್ರು ಹೆಂಗಸು, ನೇರ ಹೇಳು ನೇರ ಹೇಳು ಅಂತಿದ್ರಲ್ಲ, ಅವರಾ?"

"ಅವರೇ."

ಅವನು ಕೇಳಿದ: "ಅವರು ಕೂತ್ಕೊಂಡು ಮಾಡಿಸ್ದೇ ಇದ್ದಿದ್ರೆ, ನೀವಾಗೇ ನನಗೆ ಫೋನ್ ಮಾಡ್ತಿದ್ರಾ ಅಣ್ಣ?"

ವ್ಯಾಪಾರದಲ್ಲಿ ಇಂಥ ಪ್ರಶ್ನೆಗೆ ಹತ್ತು ಥರದ ಉತ್ತರ ನನ್ನ ಬಾಯಲ್ಲಿ ತಯಾರಿರುತ್ತದೆ.

"ಇಲ್ಲ ಕಣಪ್ಪ" ಎಂದೆ.