ತಗ್ಗಿದ ಕಾರುಗಳನ್ನು ಎತ್ತುವ ಬೆರಳಕ್ಕ

ಬೆಳಗಿನ ಐದೂಮುಕ್ಕಾಲು. ಓಣಿಯ ಬಾಯಲ್ಲಿರುವ ರಸ್ತೆ ಉಬ್ಬಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಹೆಂಗಸೊಬ್ಬರು ಅದಕ್ಕೆ ಬಿಳಿ ಬಳಿಯುತ್ತಿದ್ದಾರೆ. ಕೈಯಲ್ಲಿ ಸವೆದ ಪೇಂಟ್ ಬ್ರಷ್ಷು, ಪಕ್ಕದ ಡಬ್ಬಿಯಲ್ಲಿ ನೀರಲ್ಲಿ ಕಲಸಿದ ಸೀಮೆಸುಣ್ಣದ ಪುಡಿ. ಹಾಲಿನ ವ್ಯಾನು ಬರುವುದರೊಳಗೆ ಮುಗಿಸಬೇಕು ಎಂಬ ಅವಸರ ಬೇರೆ. ರಸ್ತೆ ಇಲಾಖೆಯವರು ಮಾಡಬೇಕಾದ್ದನ್ನು ಇವರೇಕೆ ಮಾಡುತ್ತಿದ್ದಾರೆ ಎಂದು ನೋಡಿದವರಿಗೆ ಅನಿಸುತ್ತದೆ. ನನಗೂ ಅನಿಸಿತು.

ಉಬ್ಬಿನ ಆಚೆ ಕೆಂಪು ಕಾರೊಂದು ನೆಲಕ್ಕೆ ಹೊಟ್ಟೆ ಆನಿಸಿಕೊಂಡಂತೆ ನಿಂತಿದೆ. ಹಿಂದಿನ ಸೀಟಿನಲ್ಲಿ ಎರಡು ಮರಳುಚೀಲಗಳ ನಡುವೆ ಗಂಡಸೊಬ್ಬರು ಕನ್ನಡಕ ಏರಿಸಿಕೊಂಡು ಪೇಪರ್ ಓದುತ್ತಿದ್ದಾರೆ. ಮುಂದಿನ ಸೀಟಿನಲ್ಲೂ ಒಂದು ಚೀಲ, ಅದಕ್ಕೆ ಸೀಟ್ ಬೆಲ್ಟು ಕೂಡ ಹಾಕಿದೆ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ‘ಅತ್ತೆ’ ಎಂದು ಬರೆದಿದೆ.

“ಅದು ಅರವತ್ತೆರಡು ಕೆಜಿ. ನಮ್ಮತ್ತೆ ತೂಕಾನೇ ಅಷ್ಟು. ಬರೆದಿದ್ದೂ ಅವರೇ, ‘ನನ್ನನ್ನ ಹಿಂದೆ ಕೂರಿಸ್ಬೇಡ, ಮುಂದೇ ಕೂರಿಸು’ ಅಂದ್ರು,” ಎನ್ನುತ್ತಾರೆ ಬ್ರಷ್ಷು ಹಿಡಿದವರು. ಪೇಪರ್ ಓದುತ್ತಿರುವವರು ಅವರ ಯಜಮಾನರು, ಎಪ್ಪತ್ತೆಂಟು ಕೆಜಿ. “ಇವರು ಚೀಲ ಅಲ್ಲ, ಆದ್ರೂ ಚೀಲದಷ್ಟೇ ಮಾತಾಡ್ತಾರೆ.”

ಯಜಮಾನರು ಪೇಪರಿನಿಂದ ತಲೆ ಎತ್ತುವುದಿಲ್ಲ. ಆಕೆ ಸ್ಟೇರಿಂಗ್ ಹಿಡಿದು ಕಾರನ್ನು ಮೆಲ್ಲಗೆ ಉಬ್ಬಿನ ಮೇಲೆ ದಾಟಿಸುತ್ತಾರೆ. ಕರ್ರ್ ಎಂದು ಕೆಳಗೆಲ್ಲೋ ಉಜ್ಜಿದ ಸದ್ದು. ಕೂಡಲೇ ಇಳಿದು, ಒಂದು ಗೋಣಿ ಹಾಸಿ, ಟಾರ್ಚ್ ಹಿಡಿದು ಕಾರಿನ ಕೆಳಗೆ ಜಾರಿಕೊಳ್ಳುತ್ತಾರೆ. ಬಿಳಿ ಎಲ್ಲೆಲ್ಲಿ ಮೆತ್ತಿದೆಯೋ ಅಲ್ಲೆಲ್ಲ ಕಾರು ಉಬ್ಬಿಗೆ ತಾಕಿದೆ ಎಂದು ಲೆಕ್ಕ. ಒಂದು ನಿಮಿಷದ ನಂತರ ಕೆಳಗಿನಿಂದ ದನಿ ಬರುತ್ತದೆ: “ಸೈಲೆನ್ಸರ್ ಮೂತಿಗೆ ತಾಕಿದೆ. ಬಲಗಡೆ ಹಿಂದೆ ಜಾಸ್ತಿ ಕುಗ್ತಿದೆ. ಎರಡು ಬೆರಳು ಬೇಕು.”

ಎಲ್ಲವನ್ನೂ ಬೆರಳಲ್ಲೇ ಅಳೆಯುವುದರಿಂದ ಇವರಿಗೆ ಬೆರಳಕ್ಕ ಎಂದೇ ಹೆಸರು. ಟೇಪು ಇಲ್ಲವೆಂದಲ್ಲ, ಸೊಂಟದಲ್ಲೇ ಇದೆ. ಬೆರಳಲ್ಲಿ ಹೇಳಿದ್ದನ್ನು ಆಮೇಲೆ ಟೇಪು ಹಿಡಿದು ಖಾತರಿ ಮಾಡಿಕೊಳ್ಳುತ್ತಾರೆ. ನಾನು ನೋಡಿದ ಮೂರು ದಿನದಲ್ಲಿ ಟೇಪು ಅವರ ಮಾತನ್ನು ಒಮ್ಮೆಯೂ ಸುಳ್ಳು ಮಾಡಲಿಲ್ಲ.

ಕಾರು ಓಡಿಸಲು ಬಾರದ ನನ್ನಂಥವರಿಗಾಗಿ ಸ್ವಲ್ಪ ವಿವರಣೆ. ಕಾರಿನ ತಳಕ್ಕೂ ನೆಲಕ್ಕೂ ನಡುವೆ ಒಂದಿಷ್ಟು ಜಾಗ ಬಿಟ್ಟೇ ಕಂಪನಿಯವರು ಕಾರು ಮಾಡುತ್ತಾರೆ. ಕೆಲವರಿಗೆ ಅಷ್ಟು ಜಾಗ ಇರುವುದೇ ಸೇರುವುದಿಲ್ಲ. ಚಕ್ರದ ಮೇಲಿನ ಸ್ಪ್ರಿಂಗ್ ಬದಲಿಸಿ, ಇಲ್ಲವೇ ಕತ್ತರಿಸಿ, ಗಾಡಿಯನ್ನು ನೆಲಕ್ಕೆ ಇಳಿಸುತ್ತಾರೆ. ನೋಡಲು ಚಂದವಂತೆ. ಎರಡು ವರ್ಷಕ್ಕೆ ಶೋಕಿ ತೀರಿ ಮಾರುತ್ತಾರೆ. ಕೊಂಡವರು ಮಕ್ಕಳು ಮರಿ ಕೂರಿಸಿಕೊಂಡು ಮೊದಲ ಉಬ್ಬು ದಾಟುವಾಗ ಹಲ್ಲು ಕಚ್ಚುತ್ತಾರೆ. ಅಲ್ಲಿಂದ ಬೆರಳಕ್ಕನ ಕೆಲಸ ಶುರು.

ವಾರಕ್ಕೆ ಮೂರು ಗಾಡಿ. ಒಂದು ಗಾಡಿಗೆ ನಾಲ್ಕು ಸ್ಪ್ರಿಂಗ್, ಒಂದೊಂದು ಬಿಚ್ಚಿ ಕೂರಿಸಲು ಮುಕ್ಕಾಲು ಗಂಟೆ, ದಿನಕ್ಕೆ ಇಪ್ಪತ್ತು ಸಲವಾದರೂ ಕಾರಿನ ಕೆಳಗೆ ಹೋಗಿ ಬರುವುದು. ಹೀಗೆ ಇಪ್ಪತ್ತಮೂರು ವರ್ಷ. ಎಡಗೈಯ ಉಂಗುರ ಬೆರಳು ಮಡಚುವುದಿಲ್ಲ, ಬಿಗಿ ಹಿಡಿದಿದ್ದ ಸ್ಪ್ರಿಂಗ್ ಒಮ್ಮೆ ತಪ್ಪಿಸಿಕೊಂಡು ಬಡಿದಿದ್ದರ ಗುರುತು. “ಅಳೆಯೋಕೆ ಅದೇ ಬೆರಳು ಅನುಕೂಲ, ನೆಟ್ಟಗಿರತ್ತೆ,” ಎಂದು ನಗುತ್ತಾರೆ. ಭುಜದ ನೋವಿನ ಬಗ್ಗೆ ಮಾತ್ರ ನಗುವುದಿಲ್ಲ. ರಾತ್ರಿ ಬಲಕ್ಕೆ ಹೊರಳಿ ಮಲಗಿ ಎಷ್ಟೋ ಕಾಲವಾಯಿತಂತೆ.

ಸ್ಪ್ರಿಂಗ್ ಇವರಿಗೆ ಗಂಡನ ಮನೆಯಲ್ಲಿ ಸಿಕ್ಕ ವಿದ್ಯೆಯಲ್ಲ. ತಂದೆ ತೂಕದ ಯಂತ್ರ ರಿಪೇರಿ ಮಾಡುತ್ತಿದ್ದವರು. ಕೊಕ್ಕೆಗೆ ತೂಗು ಹಾಕಿ ಮುಳ್ಳು ನೋಡುವ ಆ ಸ್ಪ್ರಿಂಗ್ ತಕ್ಕಡಿಗಳ ನಡುವೆಯೇ ಇವರು ಬೆಳೆದದ್ದು. ಎಷ್ಟು ಭಾರಕ್ಕೆ ಎಷ್ಟು ಎಳೆಯುತ್ತದೆ ಎಂದು ಅಪ್ಪ ಕೇಳುವುದು, ಮಗಳು ಕಣ್ಣಳತೆಯಲ್ಲಿ ಹೇಳುವುದು ಮನೆಯ ಆಟ. ಮದುವೆಯಾಗಿ ಬಂದಾಗ ಈ ಗ್ಯಾರೇಜು ಭಾವನವರದ್ದು. ಅವರಿಗೆ ಬೆನ್ನು ಕೈಕೊಟ್ಟಾಗ ಬೀಗ ಜಡಿಯುವುದೊಂದೇ ಬಾಕಿ. ಯಜಮಾನರಿಗೆ ಟೈರಿನ ಕೆಲಸ ಬಿಟ್ಟರೆ ಬೇರೆ ತಿಳಿಯದು. “ನಾನು ನೋಡ್ತೀನಿ ಅಂದೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ಹೂಂ ಅನ್ನಲೂ ಇಲ್ಲ. ನಮ್ಮತ್ತೆ ಒಬ್ರೇ ‘ಸೀರೆ ಎತ್ತಿ ಸಿಕ್ಕಿಸ್ಕೋ, ಎಣ್ಣೆ ಆಗತ್ತೆ’ ಅಂದ್ರು.” ಮೊದಲ ಎರಡು ವರ್ಷ ಬಂದವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: ಮೆಕ್ಯಾನಿಕ್ ಎಲ್ಲಿ? ಇವರು ಒಳಗೆ ಹೋಗಿ, ಕೈಗೆ ಗ್ರೀಸು ಮೆತ್ತಿಕೊಂಡು ವಾಪಸ್ ಬಂದು, “ಬಂದೆ, ಹೇಳಿ,” ಎನ್ನುತ್ತಿದ್ದರಂತೆ.

ಕೆಲಸದಲ್ಲಿ ಇವರದೊಂದು ಹಟ ಇದೆ. ಖಾಲಿ ಗಾಡಿಯನ್ನು ಅಳೆಯುವುದಿಲ್ಲ. “ಖಾಲಿ ಗಾಡಿ ತಾನೇ ಓಡಾಡತ್ತಾ? ಜನ ಕೂತ್ಮೇಲೆ ಹೊಟ್ಟೆ ಎಲ್ಲಿರತ್ತೆ, ಅದು ಬೇಕು ನಂಗೆ.” ಅದಕ್ಕೇ ಮರಳುಚೀಲ, ಅದಕ್ಕೇ ಯಜಮಾನರು. ಬೇರೆ ಗ್ಯಾರೇಜಿನವರು ಸ್ಪ್ರಿಂಗಿನ ಸಂದಿಗೆ ರಬ್ಬರ್ ಬಿಲ್ಲೆ ತುರುಕಿ ಗಾಡಿ ಎದ್ದಿತು ಎಂದು ಕಳಿಸುವುದನ್ನು ಕಂಡರೆ ಇವರಿಗೆ ಮೈಯೆಲ್ಲ ಉರಿಯುತ್ತದೆ.

ಈ ಹಟವೇ ಕಳೆದ ತಿಂಗಳು ಇವರ ಮುಖಕ್ಕೆ ಹೊಡೆಯಿತು. ಗ್ಯಾರೇಜಿನ ಮೂಲೆಯಲ್ಲಿ ನಿಂತ ಬೂದು ಬಣ್ಣದ ಕಾರನ್ನು ತೋರಿಸಿ ಇದು ಯಾರದು ಎಂದು ನಾನು ಸುಮ್ಮನೆ ಕೇಳಿದೆ. ಬೆರಳಕ್ಕ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತರು. ಅಲ್ಲಿಯವರೆಗೆ ಅವರು ಹೀಗೆ ಕೆಲಸ ಬಿಟ್ಟು ಕುಳಿತದ್ದನ್ನು ನಾನು ನೋಡಿರಲಿಲ್ಲ.

ಕಾರು ಒಬ್ಬ ಬೀಗ ರಿಪೇರಿಯವರದು. ಮನೆಮನೆಗೆ ಹೋಗಿ ಬೀಗ ತೆಗೆದು, ಕೀಲಿ ಮಾಡಿಕೊಡುವವರು. ಕೀಲಿ ಕೊರೆಯುವ ಯಂತ್ರ ಸದಾ ಡಿಕ್ಕಿಯಲ್ಲೇ ಇರುತ್ತದೆ. ಅವರ ಬೀದಿಗೆ ಹೊಸದಾಗಿ ಎರಡು ಉಬ್ಬು ಬಂದಿವೆ. ತಗ್ಗಿಸಿದ ಕಾರು ಅಲ್ಲಿ ಉಜ್ಜಿ ಉಜ್ಜಿ ಒಂದು ದಿನ ಸೈಲೆನ್ಸರ್ ಕಳಚಿ ನಡುರಸ್ತೆಯಲ್ಲಿ ಬಿತ್ತು. ಅವರ ಭಾಮೈದ ಗಾಡಿ ತಂದು ಬಿಟ್ಟು, ತಳ ತಾಕುತ್ತಿದೆ, ಎತ್ತಿಕೊಡಿ ಎಂದು ಹೇಳಿ ಹೋದ.

“ಇನ್ನೊಂದು ಶೋಕಿ ಗಾಡಿ ಅನ್ಕೊಂಡೆ ಕಣ್ರಿ. ಮನಸ್ಸಲ್ಲೇ ಬೈಕೊಂಡೆ ಕೂಡ. ಕೈಯಲ್ಲೇ ಬ್ರೇಕು ಹಾಕೋ ಸಲಾಕೆ ಇತ್ತು ಸ್ಟೇರಿಂಗ್ ಪಕ್ಕ. ನೋಡಿದೆ. ನೋಡಿಯೂ ತಲೆಗೆ ಹೋಗಲಿಲ್ಲ. ನನ್ನ ತಲೆ ಪೂರ್ತಿ ಕೆಳಗಡೆನೇ ಇತ್ತು.”

ಕಂಪನಿಯ ಅಳತೆಯ ಉದ್ದ ಸ್ಪ್ರಿಂಗ್ ಹಾಕಿದರು. ಗಾಡಿ ಎರಡೂವರೆ ಬೆರಳು ಎದ್ದಿತು. ಚೀಲ ಹೇರಿ, ಉಬ್ಬು ಹಾರಿಸಿ, ಒಂದು ಚುಕ್ಕೆ ಬಿಳಿಯೂ ಮೆತ್ತದಿರುವುದನ್ನು ನೋಡಿ ಖುಷಿಪಟ್ಟರು. ಮರುದಿನ ಗಾಡಿ ಒಯ್ಯಲು ಬೀಗದವರು ಗಾಲಿಕುರ್ಚಿಯಲ್ಲಿ ಬಂದರು.

ಏಳು ವರ್ಷದ ಹಿಂದೆ ಏಣಿಯಿಂದ ಬಿದ್ದು ಅವರ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಗಾಲಿಕುರ್ಚಿಯಿಂದ ಕಾರಿನ ಸೀಟಿಗೆ ಒಂದು ನುಣುಪಾದ ಹಲಗೆ ಇಟ್ಟು, ಕೈಯೂರಿ ಜಾರಿಕೊಂಡು ಕೂರುತ್ತಾರೆ. ಹಲಗೆ ಮಟ್ಟವಾಗಿರಲಿ ಎಂದೇ ಆ ಕಾರನ್ನು ತಗ್ಗಿಸಿದ್ದು. ಈಗ ಸೀಟು ಎರಡೂವರೆ ಬೆರಳು ಮೇಲೆ. ಹಲಗೆ ಏರುಮುಖವಾಗಿದೆ. ಅವರು ಮೂರು ಸಲ ಪ್ರಯತ್ನಿಸಿದರು. ನಾಲ್ಕನೆಯ ಸಲ ಭಾಮೈದ ಕಂಕುಳಿಗೆ ಕೈ ಹಾಕಿ, ಮಗುವನ್ನು ಎತ್ತುವಂತೆ ಎತ್ತಿ ಕೂರಿಸಿದ. ಗ್ಯಾರೇಜಿನಲ್ಲಿ ಆಗ ಐದಾರು ಜನ ಇದ್ದರು.

“ಅವರು ಬೈದಿದ್ರೆ ಚೆನ್ನಾಗಿತ್ತು. ‘ಕೆಲಸ ಒಳ್ಳೇದಾಗಿದೆ ಅಮ್ಮ’ ಅಂದ್ರು. ಅಷ್ಟೇ. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ನೋಡಿ, ಓಡಿಸೋರು ಕೂತ್ಮೇಲೆ ಎಷ್ಟಿರತ್ತೆ ಅಂತ ಅಳೆದೆ. ಕೂರೋಕೆ ಮುಂಚೆ ಎಷ್ಟಿರ್ಬೇಕು ಅಂತ ಅಳೀಲೇ ಇಲ್ಲ.”

ಅಂದಿನಿಂದ ಹದಿನೈದು ದಿನ ಬೀಗದವರು ಭಾಮೈದನಿಗೆ ಬಿಡುವಾದಾಗ ಮಾತ್ರ ಮನೆಯಿಂದ ಹೊರಟರು. ಒಬ್ಬರ ಮನೆ ಬಾಗಿಲು ತೆಗೆಯಲು ಹೋಗುವುದಕ್ಕೆ ಇನ್ನೊಬ್ಬರು ತಮ್ಮನ್ನು ಎತ್ತಬೇಕಾದ ಸ್ಥಿತಿ. ಆದರೂ ಅವರು ದೂರು ಹೇಳಲಿಲ್ಲ. ಬೆರಳಕ್ಕನೇ ಫೋನ್ ಮಾಡಿ, ಗಾಡಿ ವಾಪಸ್ ಕಳಿಸಿ ಎಂದರು.

ಗಾಲಿಕುರ್ಚಿಗೇ ದಪ್ಪ ದಿಂಬು ಹಾಕಿದರೆ ಆಗದೇ ಎಂದು ನಾನು ಜಾಣತನ ತೋರಿಸಿದೆ. “ಆಗ ಮನೇಲಿ ಮೇಜಿನ ಕೆಳಗೆ ಮೊಣಕಾಲು ಹೋಗಲ್ಲ. ನಾನೂ ಅದೇ ಕೇಳಿ ಬೈಸ್ಕೊಂಡಿದೀನಿ, ನೀವು ಎರಡನೇಯವರು.”

ಹಾಗಾದರೆ ಸಮಸ್ಯೆ ಇಷ್ಟು: ಕಾರಿನ ತಳ ಏರಬೇಕು, ಸೀಟು ಏರಬಾರದು. ಕೇಳಿದರೆ ತಲೆ ಕೆಡುತ್ತದೆ. ಬೆರಳಕ್ಕನ ತಲೆ ಮಾತ್ರ ಎಚ್ಚೆತ್ತುಕೊಂಡಿತು. ಗಾಡಿಯನ್ನು ಎತ್ತಲಾಗದಿದ್ದರೆ ಕೆಳಗೆ ಜೋತುಬಿದ್ದದ್ದನ್ನು ಮೇಲಕ್ಕೆ ಸೇರಿಸಬೇಕು. ಉದ್ದ ಸ್ಪ್ರಿಂಗ್ ಬಿಚ್ಚಿ ಹಳೆಯ ಗಿಡ್ಡವನ್ನೇ ಮತ್ತೆ ಹಾಕಿದರು. ಸೈಲೆನ್ಸರ್ ನೇತುಹಾಕುವ ರಬ್ಬರುಗಳನ್ನು ಗಿಡ್ಡ ಮಾಡಿ, ಹೊಗೆ ಕೊಳವೆಯ ಒಂದು ಬಾಗನ್ನು ಹೊಸದಾಗಿ ಬೆಸೆದು, ಕಾರಿನ ನೆಲಹಾಸಿಗೆ ಬಿಸಿ ತಾಕದಂತೆ ನಡುವೆ ತಗಡು ಕೊಟ್ಟು ಒಂದೂಕಾಲು ಬೆರಳು ಮೇಲೆ ಸೇರಿಸಿದರು. ಎಂಜಿನ್ನಿನ ಕೆಳಗೆ ಕಲ್ಲು ತಾಗದಿರಲೆಂದು ಹಾಕಿದ್ದ ತಟ್ಟೆ ಏಟು ತಿಂದು ಹೊಟ್ಟೆ ಬಿಟ್ಟಿತ್ತು. ಅದನ್ನು ತೆಗೆದು ಚಪ್ಪಟೆ ತಟ್ಟೆ ಹಾಕಿದರು. ಅಲ್ಲಿ ಮುಕ್ಕಾಲು ಬೆರಳು ಸಿಕ್ಕಿತು.

ಇಷ್ಟಾದರೂ ಉಬ್ಬು ಇಳಿಯುವಾಗ ಡಿಕ್ಕಿಯಲ್ಲಿರುವ ಕೀಲಿ ಯಂತ್ರದ ಭಾರಕ್ಕೆ ಗಾಡಿಯ ಹಿಂಭಾಗ ಧೊಪ್ಪನೆ ಕುಕ್ಕರಿಸಿ ನೆಲ ಮುಟ್ಟುತ್ತಿತ್ತು. ಸ್ಪ್ರಿಂಗ್ ಗಿಡ್ಡವಾಗಿಯೇ ಇರಬೇಕು, ಆದರೆ ಕುಗ್ಗಬಾರದು. ಸ್ಪ್ರಿಂಗ್ ಸುತ್ತುವವರಿಂದ ದಪ್ಪ ತಂತಿಯಲ್ಲಿ ಒಂದು ಜೊತೆ ಸುತ್ತಿಸಿ ತಂದರು. ಮರಳುಚೀಲ ಹೇರಿ, ಎಷ್ಟು ಭಾರಕ್ಕೆ ಎಷ್ಟು ಕುಗ್ಗುತ್ತದೆ ಎಂದು ಅಪ್ಪ ನೋಡುತ್ತಿದ್ದಂತೆಯೇ ನೋಡಿದರು. ಸರಿಹೋಗಲಿಲ್ಲ. ಎರಡನೇ ಜೊತೆ ವಿಪರೀತ ಗಡುಸಾಗಿ ಯಜಮಾನರು ಪೇಪರ್ ಸಮೇತ ಚಾವಣಿಗೆ ತಲೆ ಬಡಿಸಿಕೊಂಡರು. ಮೂರನೆಯದು ಕುಳಿತಿತು. ಹೆಚ್ಚುಕಡಿಮೆ ಮೊದಲಿನದೇ ಎತ್ತರ, ಕುಕ್ಕರಿಸುವುದು ಅರ್ಧಕ್ಕರ್ಧ ಕಡಿಮೆ.

ಎತ್ತರ ಸರಿಯಾಗಿದೆಯೇ ಎಂದು ನೋಡುವ ದಿನ ನಾನು ಅಲ್ಲೇ ಇದ್ದೆ. ಬೀಗದವರ ಹಳೆಯ, ಈಗಿನದಷ್ಟೇ ಎತ್ತರದ ಗಾಲಿಕುರ್ಚಿ ತರಿಸಿ, ಅದರಲ್ಲಿ ಯಜಮಾನರನ್ನು ಕೂರಿಸಿ, ಕುರ್ಚಿಗೂ ಕಾರಿನ ಸೀಟಿಗೂ ನಡುವೆ ಹಲಗೆ ಇಟ್ಟರು. ಹಳೆಯ ಬೇರಿಂಗ್ ಒಡೆದು ತೆಗೆದ ಉಕ್ಕಿನ ಗುಂಡನ್ನು ಹಲಗೆಯ ನಡುವೆ ಬಿಟ್ಟರು. ಗುಂಡು ಯಜಮಾನರ ಕಡೆಗೆ ಉರುಳಿತು. ಸೀಟು ಇನ್ನೂ ಎತ್ತರ. ಯಜಮಾನರು ಉಸಿರು ಬಿಗಿಹಿಡಿದು ಕುಳಿತಿದ್ದರು, ಅದರಿಂದ ಏನೂ ಉಪಯೋಗವಿಲ್ಲ ಎಂದು ಯಾರೂ ಅವರಿಗೆ ಹೇಳಲಿಲ್ಲ. ಬೆರಳಕ್ಕ ಮತ್ತೆ ಸ್ಪ್ರಿಂಗ್ ಬಿಚ್ಚಿ, ಅದರ ಬುಡದ ಬಿಲ್ಲೆಯನ್ನು ಉಜ್ಜಿ ತೆಳು ಮಾಡಿ ಕೂರಿಸಿದರು. ಗುಂಡು ಬಿಟ್ಟರು. ಉರುಳಿತು. ಮತ್ತೆ ಬಿಚ್ಚಿದರು. ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ, ಐದನೆಯ ಸಲ, ಗುಂಡು ಒಂದು ಸುತ್ತು ಅಲುಗಿ ಅಲ್ಲೇ ನಿಂತಿತು. ನನಗೇಕೋ ಚಪ್ಪಾಳೆ ತಟ್ಟಬೇಕೆನಿಸಿತು. ಬೆರಳಕ್ಕ, “ಅವರು ಕೂತು ನೋಡ್ಲಿ ಮೊದಲು,” ಎಂದರು.

ಶನಿವಾರ ಬೆಳಿಗ್ಗೆ ಬೀಗದವರು ಬಂದರು. ಭಾಮೈದ ಆಟೋದಲ್ಲಿ ಕರೆತಂದಿದ್ದ. ಕಾರಿನ ಬಾಗಿಲು ತೆರೆದೊಡನೆ ಅವನು ಅಭ್ಯಾಸಬಲದಿಂದ ಮುಂದೆ ಬಂದ. ಬೆರಳಕ್ಕ ಅಡ್ಡ ಕೈ ಚಾಚಿ ಅವನನ್ನು ನಿಲ್ಲಿಸಿದರು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, “ನಿಮಗೆಲ್ಲ ಕೆಲಸ ಇಲ್ವಾ?” ಎಂದು ಗದರಿದರು. ಯಜಮಾನರು ಟೈರು ನೋಡತೊಡಗಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನೇ ಮತ್ತೆ ಬರೆದೆ, ಆದರೆ ಓರೆಗಣ್ಣಿಂದ ನೋಡದಿರಲು ಆಗಲಿಲ್ಲ.

ಬೀಗದವರು ಹಲಗೆ ಇಟ್ಟರು. ಅಂಗೈ ಊರಿದರು. ಒಂದು ಜಾರು, ಸ್ವಲ್ಪ ನಿಂತು ಇನ್ನೊಂದು ಜಾರು. ಸೀಟಿನ ಮೇಲಿದ್ದರು. ಒಂದೊಂದಾಗಿ ಕಾಲು ಎತ್ತಿ ಒಳಗಿಟ್ಟುಕೊಂಡರು. ಕುರ್ಚಿಯ ಗಾಲಿ ಕಳಚಿ, ಮಡಚಿ, ಮಡಿಲ ಮೇಲಿಂದ ಪಕ್ಕದ ಸೀಟಿಗೆ ದಾಟಿಸಿದರು. ಉಸಿರು ಏರಿತ್ತು. ಮುಖ ಕೆಂಪಾಗಿತ್ತು. ಹಲಗೆ ಒಳಗೆಳೆದುಕೊಂಡು ಬಾಗಿಲು ಹಾಕಿದರು. ಗಾಡಿ ಶುರುಮಾಡಿ, ಓಣಿಯ ಉಬ್ಬು ದಾಟಿ, ಸದ್ದಿಲ್ಲದೆ ದೊಡ್ಡ ರಸ್ತೆಗೆ ತಿರುಗಿಕೊಂಡು ಹೋಗಿಯೇಬಿಟ್ಟರು.

ಭಾಮೈದನಿಗೇ ಮೊದಲು ಹೊಳೆದದ್ದು. “ಅಯ್ಯೋ, ನನ್ನನ್ನ ಇಲ್ಲೇ ಬಿಟ್ಟು ಹೋದ್ರಲ್ಲಾ! ಭಾವ ನನ್ನ ಮರೆತೇಬಿಟ್ರು!” ಎಂದು ಜೇಬಿನಿಂದ ಫೋನ್ ತೆಗೆದ.

ಬೆರಳಕ್ಕ ಅವನ ಕೈಯಿಂದ ಫೋನ್ ಕಸಿದುಕೊಂಡರು. ಕಣ್ಣು ತುಂಬಿತ್ತು, ನಗುತ್ತಲೂ ಇದ್ದರು.

“ಮಾಡ್ಬೇಡ. ಮರೀಲಿ ಬಿಡು,” ಎಂದರು. “ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು.”