ಬಾಯಿಪಾಠದ ಹೆಡ್ ಕ್ಲಾರ್ಕು

ನವನಗರದ ಬಸ್ಸಿನಲ್ಲಿ ಪಕ್ಕದವರು ನಶ್ಯದ ಡಬ್ಬಿ ತೆರೆದರು. ಸೀನು ಬರುವ ಮೊದಲೇ ನನಗೆ ಹೇಸಿಕೆ ಬಂತು. ಹೊರಟಿದ್ದುದೂ ನಶ್ಯ ಏರಿಸುತ್ತಿದ್ದ ಒಬ್ಬರ ಮನೆಗೇ. ಅವರು ತೀರಿಕೊಂಡಿದ್ದರು, ಹೆಂಡತಿಯನ್ನು ಮಾತಾಡಿಸಿ ಬರಬೇಕಿತ್ತು.

ಎಂಬತ್ತರ ದಶಕದ ಕೊನೆಗೆ ಬಾಗಲಕೋಟೆಯ ಕಾಲೇಜೊಂದರ ಆಫೀಸಿನಲ್ಲಿ ಅವರು ಹೆಡ್ ಕ್ಲಾರ್ಕು, ನಾನು ಟೆಂಪರರಿ ಟೈಪಿಸ್ಟು. ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದರ ಕೀಲಿಗಳ ಸಂದಿಯಲ್ಲೆಲ್ಲ ಅವರ ನಶ್ಯ... ಒರೆಸುವವಳು ನಾನು. ಅದಕ್ಕೆ ಕೆಲಸ ಹೇಳಲು ಟೈಪು ಮಾಡುವ ಕಮಾಂಡುಗಳಲ್ಲಿ ದಿನಾ ಬೇಕಾಗುವಂಥವು ಬೆರಳಿಗೇ ಬರುತ್ತಿದ್ದವು. ಅಪರೂಪಕ್ಕೆ ಬೇಕಾಗುವಂಥವು ಮರೆತುಹೋಗುತ್ತಿದ್ದವು, ಅದಕ್ಕೇ ಒಂದು ಹಾಳೆಯಲ್ಲಿ ಬರೆದು ಪಕ್ಕದಲ್ಲಿ ಅಂಟಿಸಿದ್ದೆ. ಅವರು ಕಂಡವರೇ ಕಿತ್ತು ಹರಿದರು.

"ನಮ್ಮ ಮನಿತನದಾಗ ಮಂತ್ರಾನೂ ಬರ್ಕೊಂಡಿಲ್ಲ, ತಿಳೀತೇನ್ವಾ? ಎಲ್ಲಾ ಬಾಯಾಗ ಅದ. ಬರ್ಕೊಂಡದ್ದು ವಿದ್ಯಾ ಅಲ್ಲ."

ಅಂದಿನಿಂದ ಬೆಳಿಗ್ಗೆ ಆಫೀಸಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಮುಂದೆ ತಾವು ಹೇಳಿ ಹಿಂದೆ ನಮ್ಮಿಂದ ಹೇಳಿಸುತ್ತಿದ್ದರು. ಫಾರ್ಮ್ಯಾಟ್, ಕಾಪಿ, ಎಲ್ಲಕ್ಕೂ ರಾಗ! ಮಕ್ಕಳೊಂದಿಗರು ಕೈಕಟ್ಟಿ ನಿಂತು ಒದರುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಪರೀಕ್ಷೆ ಮುಗಿದ ಮೇಲೆ ಹುಡುಗರ ಅಂಕಗಳನ್ನು ಹೊಸ ಫ್ಲಾಪಿಗೆ ಇಳಿಸಬೇಕಾಯಿತು. ಹೊಸದನ್ನು ಮೊದಲು ಫಾರ್ಮ್ಯಾಟ್ ಮಾಡಬೇಕು. ಹಾಗೆ ಮಾಡಿದರೆ ಫ್ಲಾಪಿಯಲ್ಲಿ ಇದ್ದಬದ್ದದ್ದೆಲ್ಲ ಅಳಿಸಿಹೋಗುತ್ತದೆ. ಅಂಕಗಳಿದ್ದ ಫ್ಲಾಪಿ 'ಎ' ಖಾನೆಯಲ್ಲಿ, ಹೊಸದು 'ಬಿ' ಖಾನೆಯಲ್ಲಿ. ಕೋಣೆಯಲ್ಲಿ ನಾವಿಬ್ಬರೇ. ಅವರು ಕಣ್ಣು ಮುಚ್ಚಿ, ರಾಗವಾಗಿ ಹೇಳಿಕೊಳ್ಳುತ್ತ, ಬಾಯಿಪಾಠದಲ್ಲಿದ್ದ ಹಾಗೆಯೇ 'ಎ' ಒತ್ತಿದರು.

"ಸರ್, ಬಿ ಅಲ್ರೀ?" ಎಂದೆ.

"ಬಾಯಿ ಮುಚ್ಚ್ಕೊಂಡು ನೋಡು."

ಅಂಕಗಳೆಲ್ಲ ಹೋದವು. ಪ್ರಿನ್ಸಿಪಾಲರು ಓಡಿ ಬಂದರೆ, ಈ ಮಹಾನುಭಾವ ನನ್ನತ್ತ ಬೆರಳು ಮಾಡಿ, "ಈಕೀನ ಒತ್ತಿದ್ಲ್ರೀ," ಎಂದರು. ಎಷ್ಟು ಸಲೀಸಾಗಿ! ಥೂ... ನನ್ನ ಕೆಲಸ ಹೋಯಿತು. ಕಂಪ್ಯೂಟರ್ ಕೆಡಿಸಿದವಳೆಂಬ ಹೆಸರು ಇಳಕಲ್ಲಿನ ತವರುಮನೆಯವರೆಗೂ ಮುಟ್ಟಿತು. ಮುಂದೆ ಯಾವ ಆಫೀಸಿನವರೂ ನನ್ನನ್ನು ಆ ಮಷೀನಿನ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ನವನಗರದ ಮನೆಯಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದು ಕೂತರು.

"ಕಡೀಕ ಎಲ್ಲಾ ಮರತಿದ್ರವಾ. ಮಕ್ಕಳ ಹೆಸರು ಬರದು ಕಿಸೆದಾಗ ಇಟ್ರ, ಹರದು ಒಗೀತಿದ್ರು."

"ನನ್ನ ಸುದ್ದಿ ಏನರೆ ತಗೀತಿದ್ರೇನ್ರೀ?" ನಾನು ಕೇಳಿಯೇಬಿಟ್ಟೆ.

"ಆಫೀಸಿಗೆ ಹೋಗ್ತಿದ್ದದ್ದ ನೆನಪಿರ್ಲಿಲ್ಲ ಅವ್ರಿಗೆ."

'ಒತ್ತಿದ್ದು ಆಕೆಯಲ್ಲ, ನಾನು' ಎಂದು ಅವರು ಒಮ್ಮೆ ಹೇಳಲಿ ಅಂತ ಇಷ್ಟು ವರ್ಷ ಕಾದಿದ್ದೆ. ಹೇಳಬಲ್ಲವರು ಅವರೊಬ್ಬರೇ ಇದ್ದರು... ಆ ಮಾತು ಅವರಿಗಿಂತ ಮೊದಲೇ ಸತ್ತಿತ್ತು.